ಬಿದ್ದ ಗೋಡೆಯ ಲೆಕ್ಕ

2024ರ ಜುಲೈ ಕೊನೆಯ ವಾರ ಪುಣೆಯಲ್ಲಿ ಸುರಿದ ಮಳೆಗೆ ನಮ್ಮ ಕಾರ್ ಶೆಡ್ಡಿನ ಎರಡು ಗೋಡೆ ಬಿದ್ದುಹೋದವು. ಶೆಡ್ಡು ಅನ್ನೋದು ನಮ್ಮೂರಿನ ಮಾತು. ಇಲ್ಲಿಯವರು ಗ್ಯಾರೇಜ್ ಅಂತಾರೆ. ತಿಪಟೂರಿನ ಕಡೆಯ ನಮಗೆ ಗ್ಯಾರೇಜು ಅಂದ್ರೆ ಗ್ರೀಸು ಮೆತ್ತಿದ ಹುಡುಗರು ಲಾರಿ ಕೆಳಗೆ ಮಲಗಿರೋ ಜಾಗ. ಅದೇನೇ ಇರಲಿ, ಕಾರು ಬಚಾವಾಯಿತು. ಮೇಲಿನ ತಗಡಿನ ಚಾವಣಿ ಒಂದು ಮಗ್ಗುಲಿಗೆ ವಾಲಿಕೊಂಡು ನಿಂತಿತ್ತು.

ಆಗಸ್ಟಿನಲ್ಲಿ ಕಂತ್ರಾಟುದಾರನೊಬ್ಬನನ್ನು ಕರೆಸಿದೆ. ಸಾಮಾನು ನಿಮ್ಮದು, ಕೂಲಿ ಮಾತ್ರ ನಲವತ್ತೆರಡು ಸಾವಿರ ಅಂದ. ಯಾವ ಲೆಕ್ಕದಲ್ಲಿ ಅಂತ ಕೇಳಿದರೆ 'ಅಂದಾಜು ಸಾಹೇಬ್' ಅಂತ ನಕ್ಕ. ಮೂವತ್ತು ವರ್ಷ ಅಕೌಂಟ್ಸ್ ನೋಡಿದವನಿಗೆ ಆ ಉತ್ತರ ಸಾಲುತ್ತದೆಯೇ? ಅವತ್ತು ರಾತ್ರಿಯೇ ಟೇಪು ಹಿಡಿದು ಅಳೆದೆ.

ಉದ್ದದ ಗೋಡೆ 18 ಅಡಿ, ಹಿಂದಿನದು 10 ಅಡಿ, ಎತ್ತರ 8. ಒಟ್ಟು 224 ಚದರಡಿ. ಒಂಬತ್ತು ಇಂಚಿನ ಗೋಡೆ, ಅಂದರೆ 168 ಘನ ಅಡಿ. ನೂರು ಘನ ಅಡಿಗೆ ಇಲ್ಲಿ 'ಬ್ರಾಸ್' ಅಂತಾರೆ. ಮರಳು, ಜಲ್ಲಿ ಎಲ್ಲಾ ಬ್ರಾಸಿನಲ್ಲೇ ಮಾರೋದು. ಬಂದ ಹೊಸದರಲ್ಲಿ ಯಾರೋ 'ಎರಡು ಬ್ರಾಸ್ ಮರಳು' ಅಂದಾಗ ಹಿತ್ತಾಳೆಗೂ ಮರಳಿಗೂ ಏನು ಸಂಬಂಧ ಅಂತ ತಲೆ ಕೆಡಿಸಿಕೊಂಡಿದ್ದೆ. ನಮ್ಮ ಕಡೆ ಮೇಸ್ತ್ರಿಗಳು ಎಲ್ಲವನ್ನೂ 'ಚದರ'ದಲ್ಲಿ ಹೇಳೋರು, ಅದು ನೂರು ಚದರಡಿ. ಇರಲಿ. ಹಾಗಾಗಿ ಒಂದೂಮುಕ್ಕಾಲು ಬ್ರಾಸಿಗೂ ಸ್ವಲ್ಪ ಕಡಿಮೆ ಕಟ್ಟಡ, ಸುಮಾರು 2,200 ಇಟ್ಟಿಗೆ. ಒಬ್ಬ ಗವಂಡಿ ದಿನಕ್ಕೆ ಐನೂರರಿಂದ ಆರುನೂರು ಇಟ್ಟಿಗೆ ಕೂರಿಸುತ್ತಾನೆ ಅಂತ ಹಿಡಿದರೆ ನಾಲ್ಕು ದಿನ. ಎರಡೂ ಮಗ್ಗುಲು ಗಿಲಾವು 448 ಚದರಡಿ. ದಿನಕ್ಕೆ ನೂರು ಅಂದರೂ ಐದು ದಿನದೊಳಗೆ. ಇನ್ನೊಂದು ದಿನ ಚಿಲ್ಲರೆ ಕೆಲಸಕ್ಕೆ. ಗವಂಡಿಗೆ ಹತ್ತು ದಿನ, ಇಬ್ಬರು ಆಳುಗಳಿಗೆ ಹನ್ನೆರಡು ದಿನ.

ಮಾರನೇ ಬೆಳಿಗ್ಗೆ ವಾರ್ಜೆಯ ನಾಕಾಗೆ ಹೋಗಿ ನಿಂತೆ. ಮಜೂರ್ ಅಡ್ಡಾ ಅಂತಾರೆ ಅದಕ್ಕೆ. ಡಬ್ಬಿ, ಕರಣೆ ಹಿಡಿದು ಜನ ಕಾಯ್ತಾ ಇರುತ್ತಾರೆ. ಗವಂಡಿಗೆ 1,100, ಗಂಡಾಳಿಗೆ 800, ಹೆಣ್ಣಾಳಿಗೆ 600 ಅಂತ ತಿಳಿಯಿತು. ಗುಣಿಸಿದೆ. 27,800. ಕಾಗದ ಕಂತ್ರಾಟುದಾರನ ಮುಂದೆ ಹಿಡಿದೆ. ಅವನು ಬಹಳ ಹೊತ್ತು ನೋಡಿದ. 'ನಿಮಗಾಗಿ ಇಪ್ಪತ್ತೆಂಟು' ಅಂದ. ಅವತ್ತು ನನ್ನ ಹೆಂಡತಿಯೆದುರು ನಾನು ಕೊಚ್ಚಿಕೊಂಡದ್ದನ್ನು ಇಲ್ಲಿ ಬರೆಯೋದು ಬೇಡ.

ಕೆಲಸಕ್ಕೆ ಬಂದವರು ಮೂರು ಜನ: ಗವಂಡಿ, ಅವನ ಹೆಂಡತಿ, ಅವನ ತಮ್ಮ. ನಾವು ಒಳಗೆ ಮಾತಾಡೋದು ಕಿವಿಗೆ ಬಿದ್ದು ಅವನು ಕರಣೆ ಕೆಳಗಿಟ್ಟ.

"ಯಾವೂರ್ರಿ ಸಾಹೇಬ್ರ ನಿಮ್ದು?"

ಅವರು ಆಳಂದ ತಾಲೂಕಿನವರು. ಅಂಥವರು ಈ ಊರಲ್ಲಿ ಬಹಳ. ಕಲಬುರಗಿ, ಯಾದಗಿರಿ, ವಿಜಯಪುರದಿಂದ ಬಂದು ಪುಣೆಯ ಕಟ್ಟಡಗಳಿಗೆ ಕಲ್ಲು ಹೊತ್ತವರ ಕನ್ನಡ ನಾನು ಸಿಗ್ನಲ್ಲಿನಲ್ಲಿ, ಸಂತೆಯಲ್ಲಿ ಎಷ್ಟೋ ಸಲ ಕೇಳಿ ಸುಮ್ಮನೆ ಮುಂದೆ ಹೋಗಿದ್ದೆ. ಈಗ ಅದು ನಮ್ಮ ಅಂಗಳಕ್ಕೇ ಬಂದಿತ್ತು. ನಮ್ಮ ಮನೆಯಾಕೆ ಮೂರು ಲೋಟ ಚಹಾ ತಂದಳು.

ಮೂರು ದಿನವಾದರೂ ಹೊಸ ಇಟ್ಟಿಗೆ ಒಂದೂ ಕೂತಿರಲಿಲ್ಲ. ಆ ಹೆಣ್ಣುಮಗಳು ಮಣ್ಣಿನ ರಾಶಿಯಲ್ಲಿ ಕೂತು ಹಳೆ ಇಟ್ಟಿಗೆಗೆ ಅಂಟಿದ ಗಾರೆಯನ್ನು ಕೊಡಲಿಯ ಹಿಂಬದಿಯಿಂದ ಕೆರೆದು ಕೆರೆದು ಪೇರಿಸುತ್ತಿದ್ದಳು. ಮೈದುನ ಕಸ ಹೊರುತ್ತಿದ್ದ. ಮಧ್ಯೆ ಎರಡು ದಿನ ಮಳೆ ಹಿಡಿದು ಕೆಲಸವೇ ಇಲ್ಲ. ನಾನು ಕಾಗದ ತೋರಿಸಿ ನಾಲ್ಕು ದಿನದ ಗೋಡೆ ಅಂತ ಹೇಳಿದೆ. ಗವಂಡಿ ಓದುವವನಲ್ಲ, ಹೇಳಿದ್ದನ್ನು ಕೇಳಿ ನಕ್ಕ.

"ಅಲ್ರಿ ಸಾಹೇಬ್ರ, ಕಟ್ಟೂ ಗ್ವಾಡಿ ಲೆಕ್ಕ ಹಾಕೀರಿ. ಬಿದ್ದ ಗ್ವಾಡಿ ಲೆಕ್ಕ ಎಲ್ಲಿ ಹೋತ್ರಿ?"

ಅದು ಹೋಗಿರಲಿಲ್ಲ, ಇರಲೇ ಇಲ್ಲ. ಕಸ ತೆಗೆಯೋದು, ಇಟ್ಟಿಗೆ ಕೆರೆಯೋದು, ವಾಲಿದ ತಗಡಿಗೆ ಆನಿಕೆ ಕೊಡೋದು, ಗೋಡೆ ತಲೆಮಟ್ಟ ದಾಟಿದ ಮೇಲೆ ಅಟ್ಟ ಕಟ್ಟೋದು, ಒಂದೇ ದಿನ ಎಂಟಡಿ ಏರಿಸಬಾರದು ಅನ್ನೋದು, ಮುಗಿದ ಮೇಲೆ ವಾರಗಟ್ಟಲೆ ನೀರುಣಿಸೋದು. ಯಾವುದೂ ನನ್ನ ಕಾಗದದಲ್ಲಿ ಇರಲಿಲ್ಲ. ಕಂತ್ರಾಟುದಾರನ ಪಾಲಿಗೂ ಅದರಲ್ಲಿ ಒಂದು ಸಾಲು ಇರಲಿಲ್ಲ. ಅವನು ತನ್ನ ಸಾಲನ್ನು ಎಲ್ಲಿ ಬರೆದುಕೊಂಡಿದ್ದ ಅನ್ನೋದು ಆರನೇ ದಿನ ಗೊತ್ತಾಯಿತು. ಚಹಾ ಕುಡಿಯುವಾಗ ನಮ್ಮ ಮನೆಯಾಕೆ ಸುಮ್ಮನೆ ಕೇಳಿದ್ದಕ್ಕೆ ಆಕೆ ಹೇಳಿದಳು:

"ನನಗ ನಾಕ್ನೂರ್ರಿ ಅಕ್ಕಾರ. ಇವರಿಗಿ ಒಂಬೈನೂರು. ಹನ್ನೆರಡ್ ದಿನದ ಮ್ಯಾಲ ಆದ್ರ ನಮ್ ಮೈಮ್ಯಾಲ್ರಿ."

ನಾನು ಅಡ್ಡಾದಲ್ಲಿ ನಿಂತು ಬರೆದುಕೊಂಡಿದ್ದು ಆರುನೂರು. ಹೆಣ್ಣಾಳಿಗೆ ಗಂಡಾಳಿಗಿಂತ ಇನ್ನೂರು ಕಡಿಮೆ ಅಂತ ಬರೆಯುವಾಗಲೂ ನನ್ನ ಪೆನ್ನು ನಿಂತಿರಲಿಲ್ಲ. ಸಮಾನ ವೇತನದ ಕಾನೂನು 1976ರಲ್ಲೇ ಬಂದದ್ದು ನನಗೇನು ಗೊತ್ತಿಲ್ಲದ್ದಲ್ಲ. ನಾನು ಉಳಿಸಿದೆ ಅಂದುಕೊಂಡ ಹದಿನಾಲ್ಕು ಸಾವಿರದಲ್ಲಿ ದಿನಕ್ಕೆ ಇನ್ನೂರು ಆಕೆಯ ಬೆರಳಿನಿಂದ ಬರುತ್ತಿತ್ತು, ಅದೂ ಇಟ್ಟಿಗೆ ಕೆರೆದು ಕೆರೆದು ಸುಲಿದ ಬೆರಳು.

ಕಂತ್ರಾಟುದಾರನಿಗೆ ಫೋನು ಮಾಡಿದೆ. 'ನಾನು ನಲವತ್ತೆರಡು ಅಂದಿದ್ದೆ, ಕಾಗದ ತಂದವರು ನೀವು' ಅಂದ. ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಹನ್ನೆರಡರ ಮೇಲಿನ ದಿನಗಳಿಗೆ ಅಡ್ಡಾದ ದರದಲ್ಲಿ ಬೇರೆಯಾಗಿ ಕೊಡುತ್ತೇನೆ ಅಂದೆ, ಒಪ್ಪಿದ. ಹೆಣ್ಣುಮಗಳ ಕೂಲಿ ಮಾತೆತ್ತಿದೆ. ಅದು ನಮ್ಮ ನಮ್ಮಲ್ಲಿ ಅಂದುಬಿಟ್ಟ. ಸಂಜೆ ಗವಂಡಿ ನನ್ನನ್ನು ಪಕ್ಕಕ್ಕೆ ಕರೆದ. "ಅವರ ಕೂಡ ಜಗಳ ಬ್ಯಾಡ್ರಿ. ನಾಳಿ ಕೆಲಸ ಕೊಡಾವ್ರು ಅವರೇ."

ಕೆಲಸ ಹದಿನಾರು ದಿನ ಹಿಡಿಯಿತು, ಗವಂಡಿಯದೇ ಹನ್ನೆರಡು. ಹೆಚ್ಚಿನ ದಿನಗಳಿಗೆ 7,800 ಕೊಟ್ಟೆ. ಕೊನೆಯ ದಿನ, ಹನ್ನೆರಡು ದಿನಕ್ಕೆ ಇನ್ನೂರರಂತೆ 2,400ನ್ನು ನಮ್ಮ ಮನೆಯಾಕೆ ಅಡಿಗೆಮನೆಯ ಬಾಗಿಲಲ್ಲಿ ಆಕೆಯ ಕೈಗೇ ಕೊಟ್ಟಳು. ಆಕೆ ಎರಡು ಸಲ ಎಣಿಸಿ ಸೆರಗಿಗೆ ಗಂಟು ಹಾಕಿಕೊಂಡಳು. ಗಂಡನ ಮತ್ತು ಮೈದುನನ ಕೂಲಿಯಲ್ಲಿ ಮುರಿದದ್ದಕ್ಕೆ ನಾನು ಏನೂ ಮಾಡಲಿಲ್ಲ. ಅವತ್ತು ಅದು ಹೊಳೆಯಲಿಲ್ಲ ಅಂತ ಬರೆಯಬಹುದು, ಹೊಳೆದಿತ್ತು.

ಒಟ್ಟು ಕೂಲಿ 38,200. ತಗಡಿನವನ ಲೆಕ್ಕ ಬೇರೆ.

ದೀಪಾವಳಿ ಹೊತ್ತಿಗೆ ಪಕ್ಕದ ಮನೆಯವರು ಬಂದು ಗೋಡೆ ತಟ್ಟಿ ನೋಡಿದರು. ಅವರ ಶೆಡ್ಡಿನದೂ ಒಂದು ಗೋಡೆ ಸೀಳಿದೆ. ಕೂಲಿ ಎಷ್ಟಾಯ್ತು, ನಿಮ್ಮ ಲೆಕ್ಕದ ಕಾಗದ ಇದ್ದರೆ ಕೊಡಿ ಅಂದರು. ಕಾಗದ ಒಳಗೇ ಇತ್ತು. ನಲವತ್ತೆರಡು ಸಾವಿರ ಅಂದೆ.