ಕ್ಯಾಂಡಿಯ ಕೆರೆ, ವೆಲ್ಲೂರಿನ ಸಮಾಧಿ

ಶ್ರೀಲಂಕಾದ ಕ್ಯಾಂಡಿಗೆ ಹೋಗಿ ಬಂದ ಮೇಲೆ ಎಲ್ಲರದ್ದೂ ಒಂದೇ ಪ್ರಶ್ನೆ, "ಬುದ್ಧನ ಹಲ್ಲು ನೋಡಿದ್ರಾ?"

ಇಲ್ಲ ಸ್ವಾಮಿ, ನೋಡಲಿಲ್ಲ! ಅದನ್ನು ಹಾಗೆಲ್ಲ ತೋರಿಸುವುದಿಲ್ಲ. ಕರಂಡಕದೊಳಗೊಂದು ಕರಂಡಕ, ಅದರೊಳಗೆ ಹಲ್ಲು. 2009ರ ನಂತರ ಜನರಿಗೆ ನೇರ ದರ್ಶನ ಸಿಕ್ಕಿದ್ದು 2025ರ ಏಪ್ರಿಲ್‌ನಲ್ಲಿ. ಉಳಿದಂತೆ ಪೂಜೆಯ ಹೊತ್ತಿಗೆ ಬಾಗಿಲು ತೆರೆಯುತ್ತದೆ, ಹೊರಗಿನ ಕರಂಡಕವಷ್ಟೇ ಕಾಣುತ್ತದೆ. ಕೆಳಗೆ ಡೋಲು, ಮೇಲೆ ಬಿಳಿಬಟ್ಟೆ ತೊಟ್ಟು ಕೈತುಂಬ ಹೂ ಹಿಡಿದ ಜನ. ಕಾಣದ ವಸ್ತುವಿಗೆ ಅಷ್ಟು ಭಕ್ತಿ! ಬೋರ್ಡುಗಳ ಮೇಲಿನ ಸಿಂಹಳ ಅಕ್ಷರಗಳೋ, ನಮ್ಮವೇ ಅನ್ನುವಷ್ಟು ಗುಂಡಗೆ. ಆದರೆ ಓದಲು ಹೋದರೆ ಒಂದೂ ಬಾರದು :)

ಈ ಹಲ್ಲು ಯಾರ ಕೈಲಿದೆಯೋ ನಾಡು ಅವರದ್ದು ಅನ್ನುವುದು ಅಲ್ಲಿನ ಹಳೆಯ ನಂಬಿಕೆ. ಅದನ್ನು ಕೊನೆಯಲ್ಲಿ ಕಾದ ರಾಜರು ಯಾರು ಗೊತ್ತೇ? ಮಧುರೆ ಕಡೆಯಿಂದ ಬಂದ ನಾಯಕ್ಕರ್ ಮನೆತನದವರು. 1739ರಿಂದ 1815ರವರೆಗೆ ನಾಲ್ವರು ಆಳಿದರು. ಅವರಲ್ಲೊಬ್ಬ, ಕೀರ್ತಿಶ್ರೀ ರಾಜಸಿಂಹ. ಅಳಿದುಹೋಗಿದ್ದ ಭಿಕ್ಷು ದೀಕ್ಷೆಯನ್ನು ಮತ್ತೆ ಶುರುಮಾಡಿಸಲು ಸಯಾಮಿನಿಂದ ಭಿಕ್ಷುಗಳನ್ನು ಕರೆಸಿದ, 1753ರಲ್ಲಿ.

ಕೊನೆಯವನು ಶ್ರೀವಿಕ್ರಮ ರಾಜಸಿಂಹ. ಗುಡಿಯ ಮುಂದಿನ ಎಂಟುಮೂಲೆಯ ಮಂಟಪ ಅವನದೇ. 1807ರಲ್ಲಿ ಗದ್ದೆ ಬಯಲಿಗೆ ಕಟ್ಟೆ ಹಾಕಿಸಿ ಕೆರೆ ಮಾಡಿದವನೂ ಅವನೇ. ಬಿಟ್ಟಿ ದುಡಿಮೆಗೆ ಜನ ಶಪಿಸಿದರು, ಸರದಾರರು ತಿರುಗಿಬಿದ್ದರು. 1815ರಲ್ಲಿ ಬ್ರಿಟಿಷರು ಅವನನ್ನು ಹಿಡಿದು ವೆಲ್ಲೂರಿನ ಕೋಟೆಗೆ ಸಾಗಿಸಿದರು. 1832ರಲ್ಲಿ ಅಲ್ಲೇ ತೀರಿಕೊಂಡ.

ಕೆರೆಯ ಏರಿ ಮೇಲೆ ಕೂತಾಗ ನನ್ನ ತಲೆಯಲ್ಲಿ ಇದೇ ಓಡುತ್ತಿತ್ತು. ಅವನು ಒಳ್ಳೆಯ ರಾಜನೇನಲ್ಲ. ಆದರೆ ತಮಿಳು ನಾಡಿನಿಂದ ಬಂದ ಮನೆತನ ಬುದ್ಧನ ಹಲ್ಲನ್ನು ಮುಕ್ಕಾಲು ಶತಮಾನ ತಲೆಮೇಲೆ ಹೊತ್ತಿತ್ತು. ಅದೇ ಗುಡಿಯ ಬಾಗಿಲಿಗೆ 1998ರ ಜನವರಿ 25ರಂದು ಎಲ್‌ಟಿಟಿಇಯವರು ಬಾಂಬು ತುಂಬಿದ ಲಾರಿ ನುಗ್ಗಿಸಿದರು. ಜನ ಸತ್ತರು, ಮುಂಭಾಗ ಕುಸಿಯಿತು. ಮತ್ತೆ ಕಟ್ಟಿದ್ದಾರೆ. ಸಿಂಹಳ-ತಮಿಳು ದ್ವೇಷ ಅನಾದಿಯದ್ದು ಅನ್ನುವವರಿಗೆ ಈ ಗುಡಿಯ ಕತೆಯನ್ನೇ ಹೇಳಬೇಕು ಅನ್ನಿಸಿತು.

ವೆಲ್ಲೂರು ನಮ್ಮ ಬೆಂಗಳೂರಿನಿಂದ ಇನ್ನೂರು ಚಿಲ್ಲರೆ ಕಿಲೋಮೀಟರು. ಆಸ್ಪತ್ರೆಗೋ ಚಿನ್ನದ ಗುಡಿಗೋ ನಮ್ಮವರು ಹೋಗುತ್ತಲೇ ಇರುತ್ತಾರೆ. ಪಾಲಾರ್ ದಡದಲ್ಲಿ ಅವನ ಸಮಾಧಿಯಿದೆ. ನಿಮ್ಮಲ್ಲಿ ಯಾರಾದರೂ ನೋಡಿದ್ದೀರಾ?