ಹದಿನಾಲ್ಕು ಇಂಚಿನ ಕಲ್ಲು

2024 ಜನವರಿ 21, ಭಾನುವಾರ. ದಾವಣಗೆರೆ

ಮೇಸ್ತ್ರಿ ಬಂದವನೇ ಪಡಸಾಲೆಯ ಗೋಡೆಯನ್ನು ಬೆರಳ ಗೆಣ್ಣಿನಿಂದ ತಟ್ಟುತ್ತಾ ಹೋದ. ಸೊಂಟದೆತ್ತರದವರೆಗೂ ಟೊಳ್ಳು ಸದ್ದು. ಒಂದು ಕಡೆ ಉಳಿ ಇಟ್ಟು ಮೀಟಿದ್ದೇ ತಡ, ತಟ್ಟೆಯಗಲ ಸಿಮೆಂಟು ಹಪ್ಪಳದ ಹಾಗೆ ಎದ್ದುಬಂತು. ಹಿಂದೆ ಮಣ್ಣು ಹಸಿ ಹಸಿ.

"ಯಾರ್ರೀ ಇದಕ್ಕೆ ಸಿಮೆಂಟ್ ಹೊಡೆಸಿದ್ದು?"

ಅವ್ವ ಒಳಗಿನಿಂದಲೇ, "ಅವನೇ, ಇನ್ಯಾರು" ಅಂದಳು.

ಹೌದು, ನಾನೇ. 1994ರಲ್ಲಿ. ಆಗ ಹರಿಹರದಲ್ಲಿ ಟರ್ನರ್ ಆಗಿದ್ದೆ, ಕೈಯಲ್ಲಿ ಬೋನಸ್ ಇತ್ತು. ಸುಣ್ಣದ ಗೋಡೆಗೆ ಒರಗಿದ ನೆಂಟರ ಅಂಗಿ ಬೆಳ್ಳಗಾಗುತ್ತದೆಂಬ ನಾಚಿಕೆ ಬೇರೆ. ಮಣ್ಣಿನ ಗೋಡೆ ನೆಲದ ತೇವವನ್ನು ಹೀರುತ್ತಲೇ ಇರುತ್ತದೆ. ಮೇಲೆ ಸುಣ್ಣದ ಗಾರೆಯಿದ್ದರೆ ಆ ತೇವ ಗಾಳಿಗೆ ಆರಿಹೋಗುತ್ತದೆ. ಸಿಮೆಂಟು ಅದರ ಬಾಯಿ ಮುಚ್ಚಿಸಿತು. ಮೂವತ್ತು ವರ್ಷ ಗೋಡೆ ಒಳಗೊಳಗೇ ಬೆವರಿದೆ.

ಕಂಬಗಳದ್ದೂ ಅದೇ ಕಥೆ. ರೆಡ್ ಆಕ್ಸೈಡ್ ನೆಲ ಹಾಕಿಸುವಾಗ ಮಟ್ಟ ಏರಿಸಿ, ಕಂಬದಡಿಯ ಕಲ್ಲುಗಳನ್ನು ಹೂತುಬಿಟ್ಟಿದ್ದೆವು. ಮರ ನೆಲಕ್ಕೆ ತಾಗಿತು, ನೆಲ ತೊಳೆದಾಗೆಲ್ಲ ನೀರು ಕುಡಿಯಿತು. ನಾಲ್ಕರಲ್ಲಿ ಮೂರು ಗಟ್ಟಿಯಾಗಿವೆ. ನಡುಮನೆ ಬಾಗಿಲ ಪಕ್ಕದ್ದಕ್ಕೆ ಸ್ಕ್ರೂಡ್ರೈವರ್ ಹಾಕಿದರೆ ಹಿಡಿಯವರೆಗೂ ಇಳಿಯಿತು. ಅದು ಅವ್ವನ ಕಂಬ. ಈಗ ಅವಳಿಗೆ ಕಣ್ಣು ನೆರಳಿನಷ್ಟೇ. ರಾತ್ರಿ ಬಚ್ಚಲಿಗೆ ಹೋಗುವಾಗ ಮಂಚ, ಗೋಡೆ, ಕಂಬ, ಬಾಗಿಲು ಅಂತ ಕೈಯಲ್ಲೇ ದಾರಿ ಹಿಡಿಯುತ್ತಾಳೆ. ಕಂಬದ ಮೇಲೆ ಅವಳ ಕೈ ಬೀಳುವಲ್ಲಿ ಒಂದು ಗೇಣು ಅಗಲಕ್ಕೆ ಮರ ಎಣ್ಣೆ ಸವರಿದಂತೆ ಹೊಳೆಯುತ್ತದೆ.

ಫೆಬ್ರವರಿ 4

ತಮ್ಮನ ಮಗಳು ಬೆಂಗಳೂರಿನಿಂದ ನಕ್ಷೆ ತಂದಳು. ಆರ್ಕಿಟೆಕ್ಟ್ ಹುಡುಗಿ, ಅಳತೆ ಹಿಡಿಯದೆ ಮಾತಾಡುವವಳಲ್ಲ. ಪಡಸಾಲೆ ಒಂದು ತುದಿಯಲ್ಲಿ 11 ಅಡಿ 2 ಇಂಚು, ಇನ್ನೊಂದು ತುದಿಯಲ್ಲಿ 10 ಅಡಿ 9. "ದೊಡ್ಡಪ್ಪ, ಈ ಮನೇಲಿ ಒಂದೂ ಮೂಲೆಮಟ್ಟ ಸರಿಯಿಲ್ಲ" ಅಂದಳು. ಲೇತಿನ ಮುಂದೆ ನಾವು ಥೌ ಲೆಕ್ಕದಲ್ಲಿ ದುಡಿದವರು. ಇಂಚಿನ ಸಾವಿರದಲ್ಲೊಂದು ಭಾಗ ಹೆಚ್ಚುಕಮ್ಮಿಯಾದರೂ ಇನ್‌ಸ್ಪೆಕ್ಷನ್ನಿನವರು ಪೀಸು ವಾಪಸ್ ಎಸೆಯುತ್ತಿದ್ದರು. ಐದಿಂಚಿನ ತಪ್ಪಿನೊಳಗೇ ಹುಟ್ಟಿ ಬೆಳೆದಿದ್ದೇನೆಂದು ಇವತ್ತು ಗೊತ್ತಾಯಿತು.

ಬೆಳಕಿಂಡಿ ದೊಡ್ಡದು ಮಾಡೋಣ ಎಂದಳು. ಮಾಳಿಗೆ ಮನೆಗೆ ಬೆಳಕು ಬರುವುದೂ ಹೊಗೆ ಹೋಗುವುದೂ ಅದರಿಂದಲೇ. ಮಳೆ ಬಂದರೆ ಅಪ್ಪ ಮೇಲೆ ಹತ್ತಿ ಒಂದು ಹಳೇ ಹಂಡೆ ಬೋರಲು ಹಾಕುತ್ತಿದ್ದ. ಅವ್ವ ಬೇಡವೆಂದಳು. ಬೆಳಿಗ್ಗೆ ಹತ್ತರ ಸುಮಾರಿಗೆ ಬಿಸಿಲಿನ ತುಂಡೊಂದು ಎರಡನೇ ಕಂಬದ ಬುಡಕ್ಕೆ ಬರುತ್ತದೆ. ಅವಳು ಅಲ್ಲಿಗೆ ಕಾಲು ಚಾಚಿ ಕೂರುತ್ತಾಳೆ. ಕಿಂಡಿ ಅಗಲವಾದರೆ ಬಿಸಿಲು ಎಲ್ಲಾ ಕಡೆ ಬೀಳುತ್ತದೆ, ಹೊತ್ತು ಹೇಗೆ ತಿಳಿಯಬೇಕು ಎಂಬುದು ಅವಳ ವಾದ. ಹುಡುಗಿ ಸ್ವಲ್ಪ ಹೊತ್ತು ಸುಮ್ಮನಿದ್ದು ನಕ್ಷೆಯಲ್ಲಿ ಅದನ್ನು ಹೊಡೆದುಹಾಕಿದಳು. ಅಷ್ಟೇ ಅಳತೆಗೆ ಗಾಜು, ಸುತ್ತ ಗಾಳಿಗೆ ಸಂದು.

ಫೆಬ್ರವರಿ 11

ನೆಲದಡಿಯ ಕಾಳಿನ ಹಗೇವು ತೆಗೆದೆವು. ನಮ್ಮ ಓಣಿಯಿರುವ ಹಗೇದಿಬ್ಬದ ಹೆಸರಿನಲ್ಲೇ ಹಗೇವಿದೆ. ಜೋಳ ತುಂಬಿ, ಸುತ್ತ ಹುಲ್ಲು ಕೊಟ್ಟು, ಬಾಯಿಗೆ ಚಪ್ಪಡಿ ಎಳೆದು ಮಣ್ಣು ಮೆತ್ತಿದರೆ ವರ್ಷಗಟ್ಟಲೆ ಕಾಳು ಕೆಡುತ್ತಿರಲಿಲ್ಲ. ಒಳಗೆ ಉಸಿರಾಡುವ ಗಾಳಿ ಇರುವುದಿಲ್ಲವಾದ್ದರಿಂದಲೇ ಹುಳು ಬದುಕುತ್ತಿರಲಿಲ್ಲ. ಅವಸರ ಪಟ್ಟು ಇಳಿದ ಮನುಷ್ಯರೂ ಬದುಕುತ್ತಿರಲಿಲ್ಲ. ಚಪ್ಪಡಿ ಸರಿಸಿ ಒಂದು ಹಗಲು ಒಂದು ರಾತ್ರಿ ಬಿಟ್ಟು, ಹಗ್ಗದಲ್ಲಿ ದೀಪ ಇಳಿಸಿದೆ. ಎಂಟಡಿಗೆ ದೀಪ ಆರಿತು. ಇನ್ನೊಂದು ದಿನ ಕಾದೆವು. ಎರಡನೇ ಸಲ ತಳಮುಟ್ಟಿದರೂ ಉರಿಯುತ್ತಿತ್ತು. ಇಳಿದ ಹುಡುಗನಿಗೆ ಸಿಕ್ಕಿದ್ದು ಒಂದು ಮುರುಕು ಮೊರ, ಒಂದು ಹಿಡಿ ಕರಕಲು ಜೋಳ.

ಹಗೇವಿನ ಬಾಯಿಗೆ ಗಟ್ಟಿ ಗಾಜು ಹಾಕಿ ಒಳಗೆ ಲೈಟು ಬಿಡೋಣ ಅಂತ ಹುಡುಗಿಯ ಆಸೆ. ಅವ್ವ, "ಗಾಜು ಯಾಕೆ, ಒಳಗೇನು ಮೀನು ಸಾಕ್ತೀರಾ?" ಅಂದಳು. ಮಳೆನೀರು ತುಂಬಿಸೋಣ ಅಂತ ಮೇಸ್ತ್ರಿ. ಮಣ್ಣಿನ ಗೋಡೆ ಮಧ್ಯೆ ನೀರು ನಿಲ್ಲಿಸುವುದೇ? ಒಂದು ಸಲ ಮಾಡಿದ ತಪ್ಪು ಸಾಕು. ಚಪ್ಪಡಿಯೇ ವಾಪಸ್. ಎತ್ತಲು ಹಿತ್ತಾಳೆಯ ಬಳೆಯೊಂದನ್ನು ನಾನೇ ಕಡೆಯುತ್ತೇನೆ.

ಫೆಬ್ರವರಿ 18. ಹರಿಹರ

ಬಡಿಗೇರ ಅಣ್ಣನನ್ನು ಕರೆದುಕೊಂಡು ಹರಿಹರೇಶ್ವರ ಗುಡಿಗೆ ಹೋದೆ. ಜಗುಲಿಗೆ ಒರಗುವ ಹಲಗೆ ಎಷ್ಟು ವಾಲಿರಬೇಕೆಂದು ನಮ್ಮಿಬ್ಬರಿಗೂ ಜಗಳ; ಮಂಟಪದ ಕಲ್ಲು ಆಸನದಲ್ಲಿ ಕೂತು ನೋಡೋಣ ಅಂದಿದ್ದೆ. ಅವನು ಬೆನ್ನು ಕೊಟ್ಟು ಕೂತವನು ಹತ್ತು ನಿಮಿಷ ಏಳಲಿಲ್ಲ. ಕೊನೆಗೆ ಜೇಬಿನಿಂದ ಬೀಡಿಕಟ್ಟಿನ ಕಾಗದ ತೆಗೆದು, ಮಡಿಸಿ ಓರೆ ಗುರುತು ಹಾಕಿಕೊಂಡ.

ನಾನು ಕಂಬ ನೋಡುತ್ತಿದ್ದೆ. ಹೊಯ್ಸಳ ಎರಡನೇ ನರಸಿಂಹನ ದಂಡನಾಯಕ ಪೋಲಾಳ್ವ ಈ ಗುಡಿ ಕಟ್ಟಿಸಿದ್ದು 1224ರಲ್ಲಿ. ಈ ವರ್ಷಕ್ಕೆ ಎಂಟುನೂರು. ಬಳಪದ ಕಲ್ಲನ್ನು ತಿರುಗಿಸಿ ಕಡೆದ ಕಂಬಗಳು. ಉಂಗುರ ಉಂಗುರವಾಗಿ ಇಳಿದ ಗೆರೆಗಳ ಮೇಲೆ ಉಗುರು ಎಳೆದರೆ ಎಲ್ಲೂ ತಡೆಯುವುದಿಲ್ಲ. ಇದೇ ಊರಲ್ಲಿ 1941ರಲ್ಲಿ ಮೈಸೂರು ಕಿರ್ಲೋಸ್ಕರ್ ಶುರುವಾಗಿ ದೇಶಕ್ಕೆಲ್ಲ ಲೇತ್ ಕಳಿಸಿತು. ಅದಕ್ಕೂ ಏಳು ನೂರು ವರ್ಷ ಮುಂಚೆ ಇಲ್ಲೊಬ್ಬ ಟರ್ನರ್ ಇದ್ದ. ಇಷ್ಟು ಭಾರದ ಜಾಬನ್ನು ಯಾವ ಸೆಂಟರಿಗೆ ಸಿಕ್ಕಿಸಿದ, ತಿರುಗಿಸಿದವರು ಎಷ್ಟು ಜನ, ಉಳಿ ಹಿಡಿದವನ ಕೈ ನಡುಗಲಿಲ್ಲವೇ? ಕಾರ್ಖಾನೆಯಲ್ಲಿದ್ದಾಗ ನೂರು ಸಲ ಈ ಗುಡಿಗೆ ಬಂದಿದ್ದೇನೆ, ಒಂದು ಸಲವೂ ಹೀಗೆ ನೋಡಿರಲಿಲ್ಲ. ಆಗ ಪೂಜೆ ಮುಗಿಸಿ ಶಿಫ್ಟಿಗೆ ಓಡುವ ಗಡಿಬಿಡಿ.

ಹೊಳೆಗೆ ಇಳಿದರೆ ನೀರಿಗಿಂತ ಬಂಡೆಯೇ ಜಾಸ್ತಿ.

ಮಾರ್ಚ್ 10

ದುಗ್ಗಮ್ಮನ ಜಾತ್ರೆ ಹತ್ತಿರ ಬಂತು. ಎರಡು ವರ್ಷಕ್ಕೊಮ್ಮೆ ಬರುವುದರಿಂದ ಇಡೀ ಹಳೇ ದಾವಣಗೆರೆ ಒಂದೇ ಸಲಕ್ಕೆ ಸುಣ್ಣಬಣ್ಣಕ್ಕೆ ನಿಲ್ಲುತ್ತದೆ. ನಮ್ಮ ಮೇಸ್ತ್ರಿ ನಾಪತ್ತೆ. ಫೋನು ಎತ್ತಿದರೆ "ಬಂದೆ ಅಣ್ಣ, ಬಂದೆ". ಅರಳಿಸಿದ ಸುಣ್ಣ ತೊಟ್ಟಿಯಲ್ಲಿ ಮೂರು ವಾರದಿಂದ ನೆನೆಯುತ್ತಿದೆ. ಅದಕ್ಕೇನೂ ತೊಂದರೆಯಿಲ್ಲ, ನೆನೆದಷ್ಟೂ ಬೆಣ್ಣೆಯಾಗುತ್ತದೆ. ತೊಂದರೆ ನೀರಿನದು. ಬರಗಾಲದ ವರ್ಷ, ನಲ್ಲಿಗೆ ದಿನ ಎಣಿಸಬೇಕು. ಗಾರೆ ನೆನೆಸಲು ಟ್ಯಾಂಕರ್ ತರಿಸಿದರೆ ಓಣಿಯವರು ನೋಡುವ ನೋಟವೇ ಬೇರೆ. ಅರ್ಧ ನೀರು ಕೊಡಗಳಲ್ಲಿ ಹಂಚಿಹೋಯಿತು. ಜಾತ್ರೆಗೆ ಬರುವ ನೆಂಟರು ಈ ಸಲ ಬಗೆದುಹಾಕಿದ ಮನೆಯಲ್ಲೇ ಉಣ್ಣಬೇಕು.

ಏಪ್ರಿಲ್ 7

ಕಂಬದ ದಿನ. ತೊಲೆಯ ಕೆಳಗೆ ಎರಡು ಜಾಕಿ ಕೊಟ್ಟು ಕೂದಲೆಳೆಯಷ್ಟು ಎತ್ತಿದೆವು. ಮಾಳಿಗೆಯ ಮಣ್ಣಿನ ಭಾರವೆಲ್ಲ ಅದರ ಮೇಲೆ. ಜಂತೆಗಳ ಸಂದಿನಿಂದ ಕರಲು ಮಣ್ಣು ಸುರ್ರನೆ ಉದುರಿದಾಗ ಯಾರೂ ಮಾತಾಡಲಿಲ್ಲ. ಗರಗಸ ಹಾಕಿ ಗಟ್ಟಿ ಮರ ಸಿಗುವವರೆಗೆ ಕೊಯ್ದರೆ ಲೆಕ್ಕ ಹದಿನಾಲ್ಕು ಇಂಚಿಗೆ ನಿಂತಿತು.

ಕಲ್ಲುಕುಟಿಗನ ಹತ್ತಿರ ಹನ್ನೆರಡಿಂಚಿನ ಪೀಠ ತಯಾರಿತ್ತು. "ಎರಡಿಂಚಿಗೆ ಮರದ ತುಂಡು ಕೊಟ್ರಾತು ಬಿಡ್ರಿ" ಅಂದ ಬಡಿಗೇರ ಅಣ್ಣ. ಮತ್ತೊಮ್ಮೆ ನೆಲದ ಹತ್ತಿರ ಹೊಸ ಮರ ಇಡುವವನು ನಾನಲ್ಲ. ಕಂಬವನ್ನೇ ಎರಡಿಂಚು ಕೆಳಗಿಳಿಸಿದರೆ ತೊಲೆ ಕುಸಿಯುತ್ತದೆ; ಅವ್ವನ ಕೈಯ ಜಾಗವೂ ಇಳಿಯುತ್ತದೆ. ಹದಿನಾಲ್ಕೇ ಬೇಕೆಂದು ಹಟ ಹಿಡಿದೆ. ಕಲ್ಲು ಬರುವವರೆಗೆ ಎರಡು ರಾತ್ರಿ ಮನೆ ಜಾಕಿಗಳ ಮೇಲೆ ನಿಂತಿರುತ್ತದೆ. ನಾನು ಪಕ್ಕದಲ್ಲೇ ಚಾಪೆ ಹಾಸಿಕೊಂಡಿದ್ದೇನೆ, ನಿದ್ದೆ ಬರುವ ಲಕ್ಷಣವಿಲ್ಲ.

ಏಪ್ರಿಲ್ 9, ಯುಗಾದಿ

ಹಬ್ಬವಾದರೂ ಕಲ್ಲುಕುಟಿಗ ಮಧ್ಯಾಹ್ನದೊಳಗೆ ಕಲ್ಲು ತಂದ. ಹೋಳಿಗೆ ಊಟ ಅವನಿಗೂ ಇಲ್ಲೇ. ಸಂಜೆ ಕಂಬ ಕಲ್ಲಿನ ಕುಳಿಗೆ ಇಳಿದು ಕೂತಿತು.

ರಾತ್ರಿ ಅವ್ವ ಎದ್ದಳು. ನಾನು ಮಲಗಿದ ಹಾಗೆ ನೋಡುತ್ತಿದ್ದೆ. ಮಂಚ, ಗೋಡೆ, ಕಂಬ. ಕೈ ನಿಂತಿತು.

"ಇದಕ್ಕೇನು ಮಾಡಿದ್ರಿ?"

"ಬುಡ ಕೊಯ್ದು ಕಲ್ಲು ಕೊಟ್ವಿ."

"ಹಂಗೇ ಐತಲ್ಲ" ಅಂತ ಬಚ್ಚಲ ಕಡೆ ಹೋದಳು.

ಮೇ 7

ಬೆಳಿಗ್ಗೆ ಓಟು ಹಾಕಿ ಬಂದೆವು. ಮಗ ಬೆಂಗಳೂರಿನಿಂದ ಬಂದವನು ನಡುಮನೆ ಬಾಗಿಲಿಗೆ ಹಣೆ ಬಡಿದುಕೊಂಡ, ಎಂದಿನಂತೆ. ಆದರೆ ಈ ಸಲ ತಪ್ಪು ನಮ್ಮದೂ ಹೌದು. ಅವ್ವ ಎಡವುತ್ತಾಳೆಂದು ಹೊಸ್ತಿಲ ಎರಡೂ ಬದಿ ನೆಲವನ್ನು ಇಳಿಜಾರಾಗಿ ಏರಿಸಿದ್ದೇವೆ. ಹೊಸ್ತಿಲನ್ನು ಕೀಳುವ ಮಾತು ಈ ಮನೆಯಲ್ಲಿ ನಡೆಯುವುದಿಲ್ಲ. ನೆಲ ಮೂರಿಂಚು ಏರಿದ್ದರಿಂದ ಐದಡಿಯ ಬಾಗಿಲು ಇನ್ನೂ ಗಿಡ್ಡವಾಯಿತು. ಚೌಕಟ್ಟು ಎತ್ತಿಸಲು ಗೋಡೆ ಒಡೆಯಬೇಕು. ಅವ್ವನಿಗೆ ಎಂಬತ್ತನಾಲ್ಕು, ಮಗ ವರ್ಷಕ್ಕೆ ನಾಲ್ಕು ಸಲ ಬರುವವನು. ಅವನೇ ಬಗ್ಗಲಿ.

ಮೇ 26. ಹರಿಹರ

ಹಳೇ ಗೆಳೆಯನ ಶೆಡ್ಡಿನಲ್ಲಿ ದಿನವಿಡೀ ಲೇತ್ ಮುಂದೆ. ಕಂಬದಿಂದ ಬಚ್ಚಲವರೆಗೆ ಅವ್ವನಿಗೆ ಹಿಡಿಗಂಬಿ ಬೇಕು. ಒಡೆದು ತೆಗೆದ ಜಂತೆಯೊಂದರಲ್ಲಿ ತೇಗದ ತಿರುಳು ಚೆನ್ನಾಗಿತ್ತು. ಕಬ್ಬಿಣ ಕಡೆಯುವ ಲೇತಿನಲ್ಲಿ ಮರ ಕಡೆದು ಹೊಟ್ಟು ತುಂಬಿದ್ದಕ್ಕೆ ಗೆಳೆಯ ಬೈದ. ಗೋಡೆಗೆ ಹಿಡಿಯುವ ಹಿತ್ತಾಳೆ ಕಟ್ಟುಗಳು ಆರು, ಹಗೇವಿಗೆ ಬಳೆ ಒಂದು. ಗಾತ್ರ ಅವ್ವನ ಮುಷ್ಟಿಗೆ ಒಂದೂ ಕಾಲು ಇಂಚು, ಎತ್ತರ ನೆಲದಿಂದ 31. ಮೈಕ್ರೋಮೀಟರ್ ಹಾಕಿ ನೋಡಿದೆ: ಎರಡು ಥೌ ವ್ಯತ್ಯಾಸ. "ಇದನ್ನ ಯಾರೋ ಅಳೀತಾರೆ?" ಅಂದ ಗೆಳೆಯ.

ಜೂನ್ 9

ರಾತ್ರಿ ಜೋರು ಮಳೆ. ಮೊದಲು ಓಡಿದ್ದು ಬೆಳಕಿಂಡಿಗೆ. ಒಂದು ಮೂಲೆಯಲ್ಲಿ ಹನಿ. ಗಾಜಿನ ಅಂಚಿಗೆ ಮತ್ತೆ ಗಾರೆ ಒತ್ತಬೇಕು. ಸದ್ಯಕ್ಕೆ ಕೆಳಗೊಂದು ಪಾತ್ರೆ.

ಹಿಡಿಗಂಬಿ ಕೂರಿಸಿ ನಾಲ್ಕು ದಿನ. ಅವ್ವ ಅದನ್ನು ಹಿಡಿದಿದ್ದು ಇನ್ನೂ ಕಂಡಿಲ್ಲ. ಹೊಸ ಸುಣ್ಣದ ಗೋಡೆಯನ್ನೇ ಸವರಿಕೊಂಡು ಹೋಗುತ್ತಾಳೆ, ಅಂಗೈ ಬೆಳ್ಳಗೆ. ಬೆಳಿಗ್ಗೆ ನೋಡಿದರೆ ಕಂಬಿಯ ಮೇಲೆ ಉದ್ದಕ್ಕೂ ಅವಳ ಒದ್ದೆ ಸೀರೆ. "ಮಳೆಗಾಲಕ್ಕೆ ಒಳ್ಳೇದು ಮಾಡಿಸ್ದೆ" ಅಂದಳು.

ಬಡಿಗೇರ ಅಣ್ಣನಿಗೆ ಇನ್ನೂ 3,500 ಕೊಡುವುದಿದೆ. ನಾಳೆ ಮರೆಯಬಾರದು.