ನಿಜ ನಕಲು

ನಮ್ಮ ಅಬ್ಬಾ ತಾಲೂಕು ಕಚೇರಿಯ ಎದುರಿನ ಬೇವಿನ ಮರದ ಕೆಳಗೆ ಕೂತು ದಸ್ತಾವೇಜು ಬರೆಯುತ್ತಿದ್ದರು. ಕ್ರಯಪತ್ರವೋ ಭೋಗ್ಯಪತ್ರವೋ, ಹಳೆಯ ಕಾಗದವನ್ನು ಎಡಗಡೆ ಇಟ್ಟುಕೊಂಡು ಬಲಗಡೆಯ ಹಾಳೆಗೆ ಅಕ್ಷರಕ್ಕೆ ಅಕ್ಷರ ಇಳಿಸುತ್ತಿದ್ದರು. ಮೂಲದಲ್ಲಿ ತಪ್ಪಿದ್ದರೆ ತಪ್ಪನ್ನೂ ಹಾಗೆಯೇ ಬರೆಯಬೇಕು, ತಿದ್ದುವ ಹಕ್ಕು ನಕಲುಗಾರನಿಗಿಲ್ಲ ಎನ್ನುತ್ತಿದ್ದರು. ಬರೆದು ಮುಗಿದ ಮೇಲೆ ಕೆಳಗೆ ‘ನಿಜ ನಕಲು’ ಎಂದು ಸೇರಿಸಿ ಸಹಿಗಾಗಿ ಕಚೇರಿಯೊಳಗೆ ಕಳಿಸುತ್ತಿದ್ದರು.

ನನಗೆ ಆಗ ಹತ್ತೋ ಹನ್ನೊಂದೋ ವಯಸ್ಸು. ಪರೀಕ್ಷೆಯಲ್ಲಿ ನಕಲು ಮಾಡಿದ ಹುಡುಗನಿಗೆ ಮೇಷ್ಟ್ರು ಬಾಸುಂಡೆ ಬರುವಂತೆ ಬಾರಿಸಿದ್ದನ್ನು ಅವತ್ತೇ ನೋಡಿ ಬಂದಿದ್ದೆ. “ಅಬ್ಬಾ, ನಕಲು ನಿಜ ಹೇಗಾಗುತ್ತದೆ?” ಎಂದು ಕೇಳಿದೆ. ಅವರು ಪೆನ್ನಿನ ಮುಚ್ಚಳ ಹಾಕುತ್ತಾ, “ಇದು ನಕಲು ಅಂತ ಹೇಳಿಬಿಟ್ಟರೆ ನಿಜ. ಹೇಳದೆ ಮುಚ್ಚಿಟ್ಟರೆ ನಕಲಿ” ಎಂದರು. ಅಬ್ಬಾ ತೀರಿಹೋಗಿ ಬಹಳ ವರ್ಷಗಳಾದವು. ಆ ಮಾತು ಮತ್ತೆ ಎದುರಿಗೆ ಬಂದದ್ದು ಎರಡು ವರ್ಷದ ಹಿಂದೆ, ಕಾಂಬೋಡಿಯಾದ ಸಿಯೆಮ್ ರೀಪ್ ಪಟ್ಟಣದಲ್ಲಿ.

ಅಂಕೋರ್ ವಾಟ್ ನೋಡಲು ಹೋದವರೆಲ್ಲ ಉಳಿದುಕೊಳ್ಳುವ ಊರು ಅದು. ಅಲ್ಲಿ ‘ಆರ್ಟಿಸಾನ್ಸ್ ಅಂಕೋರ್’ ಎಂಬ ಕರಕುಶಲ ಸಂಸ್ಥೆಯ ಕಾರ್ಯಾಗಾರವಿದೆ. ಯಾರು ಬೇಕಾದರೂ ಒಳಗೆ ಹೋಗಿ ನೋಡಬಹುದು. ತಗಡಿನ ಸೂರಿನ ಕೆಳಗೆ ಹುಡುಗ ಹುಡುಗಿಯರು ಸಾಲಾಗಿ ಕೂತು ಮರಳುಗಲ್ಲು ಕಡೆಯುತ್ತಿದ್ದರು. ಪಕ್ಕದಲ್ಲೊಂದು ಮಾದರಿ. ಕೈವಾರದಿಂದ ಅದರ ಮೂಗಿನ ತುದಿಯಿಂದ ಗಲ್ಲದವರೆಗೆ ಅಳೆದು ಕಲ್ಲಿನ ಮೇಲೆ ಗುರುತು ಹಾಕಿಕೊಳ್ಳುತ್ತಾರೆ. ದಪ್ಪ ಉಳಿಯಿಂದ ಬೇಡದ್ದನ್ನು ಒಡೆದು ತೆಗೆಯುತ್ತಾರೆ. ಆಮೇಲೆ ಸಣ್ಣ ಉಳಿ, ಕೊನೆಗೆ ನೀರು ಹಾಕಿ ಉಜ್ಜುವುದು. ನಾನು ನಿಂತಿದ್ದ ಕಡೆ ಏಳನೆಯ ಜಯವರ್ಮನ ತಲೆ ರೂಪುಗೊಳ್ಳುತ್ತಿತ್ತು. 1181ರಲ್ಲಿ ಪಟ್ಟಕ್ಕೆ ಬಂದ, ಬೌದ್ಧಧರ್ಮವನ್ನು ನಂಬಿದ ಈ ರಾಜನ ಮೂಲ ಶಿಲ್ಪ ನೋಮ್ ಪೆನ್ನಿನ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿದೆ. ಕೆಳಗಿಳಿದ ರೆಪ್ಪೆ, ತುಟಿಯಂಚಿನಲ್ಲಿ ಇದೆಯೋ ಇಲ್ಲವೋ ಎಂಬಂಥ ನಗೆ. ಕಡೆಯುತ್ತಿದ್ದ ಹುಡುಗಿಗೆ ಆ ನಗೆ ಇನ್ನೂ ದಕ್ಕಿರಲಿಲ್ಲ. ನಾಲ್ಕು ಸಲ ಮಾದರಿಯನ್ನು ನೋಡಿ ಒಂದು ಸಲ ಉಳಿ ತಾಗಿಸುತ್ತಿದ್ದಳು. ಅಬ್ಬಾ ಹಳೆಯ ಕಾಗದವನ್ನು ನೋಡುತ್ತಿದ್ದದ್ದೂ ಹೀಗೆಯೇ.

ನಾನು ಮೂರ್ತಿಗೆ ತಲೆಬಾಗುವವನಲ್ಲ. ಆದರೆ ಆ ಕೈಗೆ ಮನಸ್ಸಿನಲ್ಲೇ ಸಲಾಂ ಹೇಳಿದೆ.

ಮರುದಿನ ಅಂಕೋರ್ ಥಾಮ್ ನಗರದ ದಕ್ಷಿಣ ದ್ವಾರಕ್ಕೆ ಹೋದೆವು. ಕಂದಕದ ಮೇಲಿನ ಹಾದಿಯ ಒಂದು ಬದಿಗೆ 54 ದೇವತೆಗಳು, ಇನ್ನೊಂದು ಬದಿಗೆ 54 ಅಸುರರು ಹಾವನ್ನು ಹಿಡಿದು ನಿಂತಿದ್ದಾರೆ. ಸಮುದ್ರಮಥನದ ಕಥೆ. ಹತ್ತಿರ ಹೋದಾಗ ಕೆಲವು ತಲೆಗಳ ಬಣ್ಣವೇ ಬೇರೆ ಎಂದು ಗೊತ್ತಾಯಿತು. ಮೈ ಪಾಚಿಗಟ್ಟಿ ಕಪ್ಪಾಗಿದ್ದರೆ ತಲೆ ಮಾತ್ರ ಬೆಳ್ಳಗೆ. ಕಳ್ಳರು ಕಡಿದು ಒಯ್ದ ತಲೆಗಳ ಜಾಗಕ್ಕೆ ನಕಲು ತಲೆ ಕೂರಿಸಿದ್ದಾರೆ, ಉಳಿದ ಕೆಲವನ್ನು ಕಳ್ಳರಿಗೆ ಹೆದರಿ ಅಧಿಕಾರಿಗಳೇ ತೆಗೆದಿಟ್ಟಿದ್ದಾರೆ ಎಂದ ನಮ್ಮ ಗೈಡ್. ಈ ಕಳ್ಳತನಕ್ಕೆ ದೊಡ್ಡ ಹೆಸರಿನವರೂ ಹೊರತಲ್ಲ. ಮುಂದೆ ಫ್ರಾನ್ಸಿನ ಸಂಸ್ಕೃತಿ ಸಚಿವನಾದ ಲೇಖಕ ಆಂದ್ರೆ ಮಾಲ್ರೋ 1923ರಲ್ಲಿ ಬಾಂತೆಯ್ ಸ್ರೇ ದೇಗುಲದ ಶಿಲ್ಪಗಳನ್ನು ಕಿತ್ತು ಸಾಗಿಸುವಾಗ ಸಿಕ್ಕಿಬಿದ್ದಿದ್ದ.

ನನ್ನನ್ನು ಹೆಚ್ಚು ಕಾಡಿದ್ದು ದುರ್ಯೋಧನನ ಕಥೆ. ಹತ್ತನೆಯ ಶತಮಾನದಲ್ಲಿ ಕೆಲವು ಕಾಲ ರಾಜಧಾನಿಯಾಗಿದ್ದ ಕೋ ಕೇರ್‌ನಲ್ಲಿ ಭೀಮ ದುರ್ಯೋಧನರ ಗದಾಯುದ್ಧವನ್ನು ಕಲ್ಲಿನಲ್ಲಿ ನಿಲ್ಲಿಸಿದ್ದರು. ಇಬ್ಬರು ವೀರರು ಎದುರುಬದುರಾಗಿ, ಸುತ್ತ ಕೂತು ನೋಡುವವರು. ಅದೇ ಶತಮಾನದಲ್ಲಿ ನಮ್ಮ ರನ್ನನೂ ಅದೇ ಯುದ್ಧವನ್ನು ಕನ್ನಡದಲ್ಲಿ ಕಟ್ಟಿದ. ಉರ್ದು ಶಾಲೆಯಿಂದ ಕನ್ನಡ ಶಾಲೆಗೆ ಬಂದ ನಾನು ‘ಗದಾಯುದ್ಧ’ವನ್ನು ಓದಲು ತಿಣುಕಾಡಿದ್ದು, ಕಡೆಗೆ ದುರ್ಯೋಧನನ ಮೇಲೆ ಕನಿಕರ ಹುಟ್ಟಿದ್ದು ಎಲ್ಲ ನೆನಪಾಯಿತು. ಆ ಕಲ್ಲಿನ ದುರ್ಯೋಧನನನ್ನು ಕಳ್ಳರು ಕಾಲಿನ ಬಳಿ ಕತ್ತರಿಸಿ ಒಯ್ದರು. ಪಾದಗಳು ಪೀಠದಲ್ಲೇ ಉಳಿದವು. 2011ರಲ್ಲಿ ಅವನು ನ್ಯೂಯಾರ್ಕಿನ ಹರಾಜಿಗೆ ಬಂದ. ಕಾಂಬೋಡಿಯಾ ತಕರಾರು ತೆಗೆಯಿತು. ಪೀಠದಲ್ಲಿ ಉಳಿದಿದ್ದ ಪಾದಗಳೇ ದೊಡ್ಡ ಸಾಕ್ಷಿಯಾದವು. 2014ರಲ್ಲಿ ಅವನು ಮನೆಗೆ ಮರಳಿದ. ಅಮೆರಿಕದ ಇನ್ನೊಂದು ವಸ್ತುಸಂಗ್ರಹಾಲಯದಲ್ಲಿದ್ದ ಭೀಮನೂ ಅದೇ ವರ್ಷ ಬಂದ. ವೈರಿಗಳಿಬ್ಬರೂ ಒಂದೇ ವರ್ಷ ಊರು ಸೇರಿದ್ದು ನನಗೆ ಯಾಕೋ ಸಮಾಧಾನ ಕೊಟ್ಟಿತು.

ಖ್ಮೇರ್ ಶಿಲ್ಪಗಳ ಹೆಸರಾಂತ ವ್ಯಾಪಾರಿ ಡಗ್ಲಾಸ್ ಲ್ಯಾಚ್‌ಫೋರ್ಡ್ ಮೇಲೆ 2019ರಲ್ಲಿ ಅಮೆರಿಕದಲ್ಲಿ ಮೊಕದ್ದಮೆ ದಾಖಲಾಯಿತು. ಕದ್ದ ಶಿಲ್ಪಗಳಿಗೆ ಸುಳ್ಳು ದಾಖಲೆ ಸೃಷ್ಟಿಸಿ ಮಾರಿದ ಎಂಬುದು ಆರೋಪ. ವಿಚಾರಣೆಗೆ ಮೊದಲೇ, 2020ರಲ್ಲಿ ಅವನು ಸತ್ತ. ಅಸಲಿ ಮೂರ್ತಿಗೆ ನಕಲಿ ಕಾಗದ! ಅಬ್ಬಾ ಇದ್ದಿದ್ದರೆ ಇದನ್ನು ಕೇಳಿ ಏನೆನ್ನುತ್ತಿದ್ದರೋ.

ಕಾಗದವೇ ಇಲ್ಲದ ವ್ಯಾಪಾರವನ್ನೂ ಅಲ್ಲೇ ಕಂಡೆ. ರಸ್ತೆಬದಿಯ ಅಂಗಡಿಯೊಂದರಲ್ಲಿ ಮುದುಕನೊಬ್ಬ ಬಟ್ಟೆ ಸುತ್ತಿದ ಸಣ್ಣ ತಲೆಯೊಂದನ್ನು ಹೊರತೆಗೆದು, ಹೊಲದಲ್ಲಿ ಸಿಕ್ಕಿದ್ದು, ಬಹಳ ಹಳೆಯದು ಎಂದು ಪಿಸುಗುಟ್ಟಿದ. ಮಣ್ಣು ಮೆತ್ತಿತ್ತು, ಪಾಚಿಯೂ ಇತ್ತು. ಹೊಸ ಕಲ್ಲಿಗೆ ಹೀಗೆ ಮಣ್ಣು ಬಳಿದು ಮುಪ್ಪು ತರಿಸುತ್ತಾರೆ ಎಂದು ಗೈಡ್ ಆಮೇಲೆ ಹೇಳಿದ. ಹಳೆಯದೇ ಆಗಿದ್ದರೆ ಅದು ಕಳವಿನ ಮಾಲು, ಹೊಸದಾದರೆ ಮೋಸ. ಆ ಮುದುಕನ ಉಗುರಿನ ಸಂದಿಯಲ್ಲೂ ಕಲ್ಲಿನ ಪುಡಿ ಇತ್ತು. ಬಹುಶಃ ಅವನೇ ಕಡೆದದ್ದು. ನನ್ನ ಕೈಯಾರೆ ಮಾಡಿದ್ದು ಎಂದರೆ ಬರುವ ದುಡ್ಡಿಗಿಂತ ಹೊಲದಲ್ಲಿ ಸಿಕ್ಕಿದ್ದು ಎಂದರೆ ಹೆಚ್ಚು ಬರುತ್ತದೆ. ಕೊಳ್ಳುವ ನಮ್ಮಂಥವರ ಹಳತಿನ ಹುಚ್ಚು ಅವನ ಕೈಯನ್ನೇ ಅವನಿಂದ ಮರೆಮಾಚಿಸಿತ್ತು.

ನಮ್ಮ ಗೈಡ್ ಚಾಮ್ ಜನಾಂಗದ ಮುಸ್ಲಿಮ. ಶುಕ್ರವಾರ ಜುಮಾ ನಮಾಜಿಗೆ ಊರಿನ ಮಸೀದಿಗೆ ಕರೆದೊಯ್ದ. ನಮಾಜು ಮುಗಿದ ಮೇಲೆ ಅಲ್ಲಿನ ಹಿರಿಯರೊಬ್ಬರು ಚಹಾ ಕೊಟ್ಟು ಮಾತಿಗೆ ಕೂರಿಸಿಕೊಂಡರು. 1975ರಿಂದ 1979ರವರೆಗೆ ಪೋಲ್ ಪಾಟ್‌ನ ಖ್ಮೇರ್ ರೂಜ್ ಆಡಳಿತ. ಸುಮಾರು 17 ಲಕ್ಷ ಜನ ಕೊಲೆ, ಹಸಿವು, ರೋಗಗಳಿಂದ ಸತ್ತರು. ಮಸೀದಿಗಳನ್ನು ಕೆಡವಿದರು, ಕುರ್‌ಆನ್ ಪ್ರತಿಗಳನ್ನು ಸುಟ್ಟರು, ಚಾಮರಿಗೆ ಹಂದಿಮಾಂಸ ತಿನ್ನಿಸಿದರು. ಬೌದ್ಧ ವಿಹಾರಗಳಿಗೂ ಅದೇ ಗತಿ, ಭಿಕ್ಷುಗಳ ಕಾವಿ ಕಳಚಿಸಿದರು. ಚಾಮರ ಮೇಲೆ ನಡೆದದ್ದು ಜನಾಂಗ ಹತ್ಯೆ ಎಂದು ನ್ಯಾಯಾಲಯ ತೀರ್ಪು ಕೊಡಲು 2018ರ ನವೆಂಬರ್‌ವರೆಗೆ ಕಾಯಬೇಕಾಯಿತು.

2001ರಲ್ಲಿ ತಾಲಿಬಾನಿಗಳು ಬಾಮಿಯಾನಿನ ಬುದ್ಧರನ್ನು ಒಡೆದಾಗ ಗೆಳೆಯನೊಬ್ಬ, “ಯಾಕಯ್ಯಾ ನೀವು ಹೀಗೆ?” ಎಂದು ನನ್ನನ್ನು ಕೇಳಿದ್ದ. ಆ ‘ನೀವು’ ಇಂದಿಗೂ ಎದೆಯಲ್ಲಿ ಮುಳ್ಳಿನಂತೆ ಉಳಿದಿದೆ. ಇಲ್ಲಿ ಬುದ್ಧನನ್ನೂ ಮಸೀದಿಯನ್ನೂ ಒಂದೇ ಕೈ ಒಡೆದಿತ್ತು, ಆ ಕೈಗೆ ಯಾವ ಧರ್ಮವೂ ಇರಲಿಲ್ಲ. ಒಡೆಯುವವರದೇ ಒಂದು ಜಾತಿ ಎಂದು ಅವತ್ತು ಅವನಿಗೆ ಉತ್ತರಿಸಬೇಕಿತ್ತು.

“ಕುರ್‌ಆನ್ ಸುಟ್ಟರಲ್ಲ, ಮತ್ತೆ ಹೇಗೆ ಕಲಿತಿರಿ?” ಎಂದು ಹಿರಿಯರನ್ನು ಕೇಳಿದೆ. ಗೈಡ್ ಅನುವಾದಿಸಿದ. ಬದುಕಿ ಉಳಿದವರಲ್ಲಿ ಒಬ್ಬರಿಗೆ ಒಂದು ಸೂರಾ ನೆನಪಿತ್ತು, ಇನ್ನೊಬ್ಬರಿಗೆ ಇನ್ನೊಂದು. ಅವರು ಹೇಳಿದರು, ಇವರು ಹೇಳಿಕೊಂಡರು. ಹಾಗೇ ಬಂತು ಎಂದರು.

ಶಿಲ್ಪದ ಕಥೆಯೂ ಅದೇ. ಗುರುಗಳು ಸತ್ತರು, ವಿದ್ಯೆ ದಾಟಿಸುವ ಕೊಂಡಿ ಕಳಚಿತು. ಕಲ್ಲಿನಲ್ಲಿ ಮೂಲಗಳು ಉಳಿದಿದ್ದವು, ಹೇಳಿಕೊಡುವವರು ವಿರಳವಾಗಿದ್ದರು. 1992ರಲ್ಲಿ ಹಳ್ಳಿಯ ಬಡ ಯುವಕರಿಗಾಗಿ ಆರಂಭವಾದ ತರಬೇತಿ ಶಾಲೆಯಿಂದಲೇ ನಾನು ನೋಡಿದ ಕಾರ್ಯಾಗಾರ ಬೆಳೆದದ್ದು. ಅಲ್ಲಿ ನಕಲು ಮಾಡುವುದೆಂದರೆ ಕಳೆದುಹೋದ ಉಸ್ತಾದರ ಕೈಯನ್ನು ಅವರ ಕಲ್ಲಿನಿಂದಲೇ ಮರಳಿ ಕಲಿಯುವುದು. ಉರ್ದುವಿನಲ್ಲಿ ‘ನಕ್ಲ್’ ಎಂದರೆ ಪ್ರತಿ ಮಾಡುವುದೂ ಹೌದು, ಕೇಳಿದ್ದನ್ನು ಮುಂದಿನವರಿಗೆ ದಾಟಿಸುವುದೂ ಹೌದು. ಅದೇ ಮಾತು ಕನ್ನಡಕ್ಕೆ ಬಂದು ಪರೀಕ್ಷಾ ಕೊಠಡಿಯಲ್ಲಿ ಕೆಟ್ಟ ಹೆಸರು ಪಡೆಯಿತು. ಅದಕ್ಕೆ ಮಾನ ಉಳಿದಿದ್ದರೆ ಅಬ್ಬಾನ ಬೇವಿನ ಮರದ ಕೆಳಗೆ ಮಾತ್ರ.

ಹೊರಡುವ ದಿನ ಮತ್ತೆ ಕಾರ್ಯಾಗಾರಕ್ಕೆ ಹೋದೆ. ಹುಡುಗಿ ಇನ್ನೂ ಅದೇ ತಲೆಯ ಮುಂದೆ ಕೂತಿದ್ದಳು. ತುಟಿಯ ಒಂದು ಅಂಚಿಗೆ ನಗೆ ಬಂದಿತ್ತು, ಇನ್ನೊಂದಕ್ಕೆ ಬರಬೇಕಿತ್ತು. ಮನೆಯಲ್ಲಿ ನಮಾಜು ಮಾಡುವ ಕೋಣೆ ಒಂದೇ ಇರುವುದರಿಂದ ಮೂರ್ತಿ ಕೊಳ್ಳಲಿಲ್ಲ. ಅಂಗೈ ಅಗಲದ, ಹೂಬಳ್ಳಿ ಕೆತ್ತಿದ ಕಲ್ಲಿನ ತುಂಡೊಂದನ್ನು ಕೊಂಡೆ. ಅದು ನಕಲೆಂದು ರಸೀದಿಯಲ್ಲೇ ಬರೆದುಕೊಟ್ಟರು.

ಊರಿಗೆ ಬಂದಾಗ ಅಮ್ಮಿ ಆ ಕಲ್ಲಿನ ಮೇಲೆ ಬೆರಳಾಡಿಸಿ, “ಅಲ್ಲಿಯ ಹಳೇದಾ?” ಎಂದು ಕೇಳಿದರು.

“ಅಲ್ಲ ಅಮ್ಮಿ, ನಕಲು. ಹೋದ ತಿಂಗಳು ಮಾಡಿದ್ದು.”

“ಎಷ್ಟು ಚೆನ್ನಾಗಿ ಮಾಡಿದ್ದಾರೆ” ಎಂದು ಇನ್ನೊಮ್ಮೆ ಸವರಿದರು.

ಕಲ್ಲು ಈಗ ನನ್ನ ಬರೆಯುವ ಮೇಜಿನ ಮೇಲಿದೆ. ರಸೀದಿಯನ್ನು ಅಬ್ಬಾನ ಟ್ರಂಕಿನಲ್ಲಿ, ಅವರು ಬರೆದ ಕೊನೆಯ ಕ್ರಯಪತ್ರದ ಪ್ರತಿಯ ಜೊತೆ ಇಟ್ಟಿದ್ದೇನೆ.